ಮೊಹಮ್ಮದಲಿ ರೋಡಿನ ಸಣ್ಣ ಅಂಗಡೀಲಿ ಸಿಕ್ಕ ಗಝಾಲಿ

ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡ್ದು ಮುಂಬೈಗೆ ಹೋದೆ. ಮಿನಾರಾ ಮಸೀದಿ ಹತ್ರ ಇರೋ ಪುಸ್ತಕದಂಗಡಿ, ಇಬ್ರು ನಿಂತ್ರೆ ಮೂರನೆಯವ್ರಿಗೆ ಜಾಗ ಇಲ್ಲ. ಹಳೇ ಕಾಲದ ಇಸ್ಲಾಮಿಕ್ ಪಂಡಿತ ಇಮಾಮ್ ಗಝಾಲಿ ಆತ್ಮಕಥೆ ಇಂಗ್ಲಿಷಲ್ಲಿ ಇದ್ಯಾ ಅಂದೆ, ಚಾಚಾ ಏಣಿ ಹತ್ತಿ ಧೂಳು ಕೊಡವಿ ಕೊಟ್ರು. 1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿ ಬಾಗ್ದಾದಿನ ನಿಜಾಮಿಯಾ ಮದ್ರಸಾದಲ್ಲಿ ಅಷ್ಟು ದೊಡ್ಡ ಮೇಷ್ಟ್ರಾಗಿದ್ದವ್ರು, 1095ರಲ್ಲಿ ಪಾಠ ಮಾಡೋಕೆ ಕೂತ್ರೆ ನಾಲಿಗೇನೇ ಹೊರಳ್ತಿರ್ಲಿಲ್ವಂತೆ, ಊಟಾನೂ ಗಂಟಲಲ್ಲಿ ಇಳೀತಿರ್ಲಿಲ್ಲ, ಕೊನೆಗೆ ಕೆಲ್ಸ ಬಿಟ್ಟು ಹೊರಟೇಬಿಟ್ರು, ಅದನ್ನ ಓದ್ತಾ ಠಾಣೆ ದಾಟಿದ್ದೇ ಗೊತ್ತಾಗ್ಲಿಲ್ಲ ನಂಗೆ. ಅವ್ರದ್ದೇ 40 ಭಾಗದ ದೊಡ್ಡ ಗ್ರಂಥ ‘ಇಹ್ಯಾ’ ಪೂರ್ತಿ ಸೆಟ್ಟೂ ಅಂಗಡೀಲಿ ಇತ್ತು, ರೇಟ್ ಕೇಳಿ ಸುಮ್ನಾದೆ. ತಗೊಂಡ ಆತ್ಮಕಥೆ ಬೈಂಡಿಂಗ್ ಮಾತ್ರ ಕಳಪೆ ಮಾರಾಯ್ರೆ, ಮನೆ ಸೇರೋಷ್ಟ್ರಲ್ಲಿ ನಾಲ್ಕು ಹಾಳೆ ಕೈಗೇ ಬಂತು. ಜಿಪೇ ನಡೆಯಲ್ಲ, ಕ್ಯಾಶ್ ತಗೊಂಡ್ಹೋಗಿ.