ವೀರ್ಯ ಪರೀಕ್ಷೆ ಚೊಕ್ಕ, ‘ಜೀನ್ ಪ್ಯಾಕೇಜ್’ ದಂಡ

ಮಡಿಕೇರಿಯ ಈ ಲ್ಯಾಬಿನಲ್ಲಿ ಮಾಮೂಲಿ ವೀರ್ಯ ಪರೀಕ್ಷೆಗೆ ಹೆಸರಿಡುವಂತಿಲ್ಲ. ಸ್ಯಾಂಪಲ್ ಕೊಡಲು ಚಿಲಕವಿರುವ ಕೋಣೆಯಿದೆ. ಡಬ್ಬಿಯ ಮೇಲೆ ಹೊತ್ತು ಬರೆದು, 37 ಡಿಗ್ರಿಯಲ್ಲಿಟ್ಟು, ವೀರ್ಯ ನೀರಾದ ಮೇಲೆಯೇ ಎಣಿಸುತ್ತಾರೆ. 2ರಿಂದ 7 ದಿನ ಸಂಯಮವಿರಲಿ. ಸೋಮವಾರಪೇಟೆ, ವಿರಾಜಪೇಟೆ ಕಡೆಯವರು ಮನೆಯಿಂದ ತರಬೇಡಿ: ಒಂದು ಗಂಟೆ ಮೀರಿದರೆ, ಅದರಲ್ಲೂ ಕಕ್ಕಡ ಮಾಸದ ಮಳೆಗಾಲದ ಚಳಿಗೆ, ಚಲನೆ ಕುಗ್ಗಿ ವರದಿ ದಾರಿ ತಪ್ಪಿಸುತ್ತದೆ.

ಕಿರಿಕಿರಿಯೆಂದರೆ ಕೌಂಟರಿನಲ್ಲಿ ಒತ್ತಾಯಿಸುವ ‘ಜೀನ್ ಪ್ಯಾಕೇಜ್’. ವೀರ್ಯಾಣುವಿನ ಆರ್‌ಎನ್‌ಎ (ಜೀನ್‌ಗಳ ಸಂದೇಶ ಒಯ್ಯುವ ಅಣು) ಅಳೆಯುವ ಪರೀಕ್ಷೆಯದು. ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟಮೀನ್ 1 ಮತ್ತು 2 ಎಂಬ ಪ್ರೋಟೀನ್‌ಗಳ ಆರ್‌ಎನ್‌ಎ ಅನುಪಾತ ಏರುಪೇರಾದರೆ ಗಂಡಸರ ಬಂಜೆತನಕ್ಕೆ ನಂಟಿರುವುದು ನಿಜ. ಆದರೆ ಎಲ್ಲರೂ ಒಪ್ಪಿದ ಮಿತಿಯಿಲ್ಲ. ಸ್ಯಾಂಪಲ್ಲಿನಲ್ಲಿ ಒಂದಿಷ್ಟು ಬಿಳಿ ರಕ್ತಕಣ ಉಳಿದರೂ ಅವುಗಳ ಆರ್‌ಎನ್‌ಎಯೇ ಲೆಕ್ಕ ಕೆಡಿಸುತ್ತದೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಎಣಿಕೆ ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ಬಂದರೆ ಮೂರು ತಿಂಗಳು ಬಿಟ್ಟು ಮಾಮೂಲಿ ಪರೀಕ್ಷೆಯನ್ನೇ ಮತ್ತೆ ಮಾಡಿಸಿ.