ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್: ಬಂದ ಹುಡುಗನಿಗೆ ಫುಲ್ ಮಾರ್ಕ್, ಫೋನಲ್ಲಿ ಬುಕಿಂಗ್ ತೆಗೊಂಡವರಿಗೆ ಸೊನ್ನೆ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಬಸ್ಸು ಸಿಗ್ಬೇಕಾದ್ರೆ ಒಂದು ಗುಡ್ಡೆ ಹತ್ತಿಳೀಬೇಕು, ಅಮ್ಮನಿಗೆ ಅದು ಆಗುದಿಲ್ಲ ಅಂತಲೇ ಈ ಸರ್ವಿಸ್ ಬುಕ್ ಮಾಡಿದ್ದು. ಲ್ಯಾಬಿನ ಹೆಸರು ಹಾಕುದಿಲ್ಲ, ಇನ್ನೂ ಅಲ್ಲಿಗೇ ಹೋಗ್ಲಿಕ್ಕುಂಟು ಮಾರಾಯ್ರೆ.

ಅಮ್ಮನದ್ದು ಎಂತಾಂದ್ರೆ, ಅಡಿಕೆ ಸುಲಿಲಿಕ್ಕೆ ಕೂತವಳು ಏಳುವಾಗ ಎರಡೂ ಕೈ ತೊಡೆಗೆ ಊರಿ ಏಳುದು, ಮೆಟ್ಟಿಲು ಹತ್ತುವಾಗ ಕಾಲೇ ಮೇಲೆ ಬರುದಿಲ್ಲ ಅನ್ನುದು. ಗಂಟುನೋವು ಅಂತ ಎರಡು ವರ್ಷ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಡಾಕ್ಟ್ರು ಗಂಟು ಬಿಟ್ಟು ಅದರ ಕೆಳಗೆ ಎದುರಿನ ಎಲುಬನ್ನು ಹೆಬ್ಬೆರಳಲ್ಲಿ ಒಮ್ಮೆ ಒತ್ತಿದ್ರು ಅಷ್ಟೆ, ಅಮ್ಮ "ಅಯ್ಯಮ್ಮಾ" ಅಂತ ಕೂಗಿದ್ಲು. ಎಲುಬು ಹೀಗೆ ನೋಯುದು ವಿಟಮಿನ್ ಡಿ ಕಮ್ಮಿಯಾಗಿ ಇರಬಹುದು, ನೋಡಿಸಿ ಅಂದ್ರು. "ದಿನಾ ತೋಟದಲ್ಲೇ ಸಾಯ್ತೇನೆ, ನನಗೆ ಬಿಸಿಲು ಕಮ್ಮಿಯಾ" ಅಂತ ಅವಳ ವಾದ. ಹೌದು, ಆದ್ರೆ ಅಡಿಕೆ ತೋಟದಲ್ಲಿ ಇರುದು ನೆರಳು, ಇವಳು ಹೋಗುದು 9 ಗಂಟೆ ಒಳಗೆ ಅಥವಾ ಸಂಜೆ 4ರ ಮೇಲೆ, ಉದ್ದ ಕೈಯ ಅಂಗಿ, ತಲೆಗೆ ಬೈರಾಸು, ಜೂನ್ ಬಂತೂಂದ್ರೆ ಮೂರ್ನಾಲ್ಕು ತಿಂಗಳು ಮೋಡ. ಡಿ ಆಗ್ಲಿಕ್ಕೆ ಬೇಕಾದ ಯುವಿಬಿ ಕಿರಣ ಸೂರ್ಯ ಮೇಲೆ ಬಂದಾಗ್ಲೇ ಜಾಸ್ತಿ, ಅದೂ ಚರ್ಮಕ್ಕೆ ತಾಗ್ಬೇಕು. ಡಿ ಸಿಗುವ ಮೀನು, ಮೊಟ್ಟೆ ನಮ್ಮಲ್ಲಿ ಇಲ್ಲವೇ ಇಲ್ಲ.

ಈಗ ಲ್ಯಾಬಿನ ವಿಷಯ. ಫೋನಲ್ಲಿ ಮಾತಾಡಿದವರು ಮೊದ್ಲು ದೊಡ್ಡ ಪ್ಯಾಕೇಜ್ ಮಾರ್ಲಿಕ್ಕೆ ನೋಡಿದ್ರು, ಬೇಡ ಅಂದದ್ದಕ್ಕೆ 1,25 ಡೈಹೈಡ್ರಾಕ್ಸಿ (ದೇಹ ಕೆಲಸಕ್ಕೆ ಬದಲಿಸಿಕೊಂಡ ಡಿ) ಅಂತ ಬೇರೆಯೇ ಟೆಸ್ಟ್ ಹಾಕಿದ್ದಾರೆ, ರೇಟೂ ಜಾಸ್ತಿ. ಕಮ್ಮಿ ಉಂಟಾ ಅಂತ ನೋಡ್ಲಿಕ್ಕೆ ಬೇಕಾದ್ದು 25 ಹೈಡ್ರಾಕ್ಸಿ, ಅಂದ್ರೆ ದೇಹದಲ್ಲಿರುವ ಡಿಯ ದಾಸ್ತಾನು ತೋರಿಸುವ ಟೆಸ್ಟ್, ಆ ಇನ್ನೊಂದು ಡಿ ಕಮ್ಮಿ ಇದ್ದವರಲ್ಲೂ ನಾರ್ಮಲ್ ಬರಬಹುದು! ಈ ತಪ್ಪು ಹಿಡಿದದ್ದು ಬೆಳಿಗ್ಗೆ ಮಳೆಯಲ್ಲಿ ಸ್ಕೂಟರ್ ತಂದ ಹುಡುಗ. ರೈನ್‌ಕೋಟ್ ಜಗಲಿಯಲ್ಲಿ ನೇತುಹಾಕಿ ಡಾಕ್ಟ್ರ ಚೀಟಿ ಕೇಳಿದ, ಓದಿದ, "ಇದು ಅಲ್ಲ ಚೇಚಿ" ಅಂತ ಅಲ್ಲಿಂದಲೇ ಫೋನ್ ಮಾಡಿ ಬದಲಿಸಿದ. ಸೂಜಿ ಹಾಕಿದ್ದು ಅಮ್ಮನಿಗೆ ಗೊತ್ತೇ ಆಗ್ಲಿಲ್ಲವಂತೆ. ಖಾಲಿ ಹೊಟ್ಟೆ ಅಂತ ಕಾಫಿ ಕುಡಿಯದೆ ಕೂತಿದ್ಲು ಪಾಪ, ಡಿ ಒಂದಕ್ಕೆ ಅದು ಬೇಕಂತಿಲ್ಲ ಅಂತ ಅವನೇ ಹೇಳಿದ.

ರಿಪೋರ್ಟ್ ಮರುದಿನ ಅಂದದ್ದು ಮೂರನೇ ದಿನ ಬಂತು. 11. ಒಂದು ಮಿಲಿಲೀಟರಿಗೆ 11 ನ್ಯಾನೋಗ್ರಾಂ, 20ರಿಂದ ಕೆಳಗೆ ಬಂದ್ರೆ ಕೊರತೆ ಅಂತ ಲೆಕ್ಕ. ಡಾಕ್ಟ್ರು ಬರೆದದ್ದು 60,000 ಯೂನಿಟಿನ ಪುಡಿ ಪ್ಯಾಕೆಟ್, ವಾರಕ್ಕೊಂದು, 8 ವಾರ, ಊಟ ಆದಮೇಲೆ ಹಾಲಲ್ಲಿ, ಕೊಬ್ಬಿನ ಜೊತೆ ಹೋದ್ರೆ ಚೆನ್ನಾಗಿ ಹೀರ್ತದೆ.

ಎಡವಟ್ಟಾದದ್ದು ಔಷಧಿ ಅಂಗಡಿಯಲ್ಲಿ. ಕವರಿನ ಮೇಲೆ ವಾರಕ್ಕೊಮ್ಮೆ ಅಂತ ಬರೆದದ್ದು ಬರೇ ಮಲಯಾಳದಲ್ಲಿ, ಅಮ್ಮ ಕನ್ನಡ ಮೀಡಿಯಂ. ಎರಡು ದಿನ ಬೆನ್ನುಬೆನ್ನಿಗೆ ಕುಡಿದಿದ್ಲು, ಮೂರನೇದು ಹಾಲಿಗೆ ಹಾಕುವಾಗ ನಾನು ನೋಡಿದೆ. ಡಾಕ್ಟ್ರಿಗೆ ಫೋನ್ ಮಾಡಿದ್ದಕ್ಕೆ ಎರಡರಿಂದ ತೊಂದರೆ ಇಲ್ಲ, ದಿನಾ ಕುಡಿದ್ರೆ ಮಾತ್ರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು, ಇದು ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ ಅಂದ್ರು. ಆಮೇಲೆ ಗೋಡೆ ಕ್ಯಾಲೆಂಡರಲ್ಲಿ ಭಾನುವಾರಕ್ಕೆಲ್ಲ ಕನ್ನಡದಲ್ಲಿ "ಪುಡಿ" ಅಂತ ಬರ್ದೆ.

ಮೂರು ತಿಂಗಳಾದ ಮೇಲೆ ಅದೇ ಲ್ಯಾಬಲ್ಲಿ ನೋಡಿಸಿದ್ದು, 33. ಈಗ ಏಳುವಾಗ ಒಂದೇ ಕೈ ಊರ್ತಾಳೆ.

ಲ್ಯಾಬಿಗೆ ಮೂರು ಸ್ಟಾರ್. ಆ ಹುಡುಗನೇ ಬರ್ತಾನೆ ಅಂದ್ರೆ ನಾಲ್ಕೂವರೆ.