ಏರ್‌ಬಸ್ ಎ320: ಹದಿನೇಳು ಸೆಂಟಿಮೀಟರ್‌ಗಳ ಧಾರಾಳ

ಒಂದೇ ನಡುದಾರಿಯ ವಿಮಾನದಲ್ಲಿ ಮೂರು ಸೀಟುಗಳ ಸಾಲಿನ ನಡುವಿನ ಸೀಟನ್ನು ಯಾರೂ ಬಯಸಿ ಆರಿಸಿಕೊಳ್ಳುವುದಿಲ್ಲ. ಆದರೆ ವಿಮಾನವೊಂದರ ಗುಣ ಅರಿಯುವುದಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಎರಡೂ ಬದಿಯವರ ತೋಳು ನಮ್ಮ ತೋಳಿಗೆ ಎಷ್ಟು ಒತ್ತುತ್ತದೆ, ಊಟದ ತಟ್ಟೆ ಬಂದಾಗ ಮೊಣಕೈಯನ್ನು ಎಲ್ಲಿಡಬೇಕು, ಕಿಟಕಿ ಬದಿಯವರು ಎದ್ದು ಹೊರಟಾಗ ಎಷ್ಟು ಮೈ ಮುದುಡಬೇಕು ಎಂಬುದೆಲ್ಲ ಅಲ್ಲಿ ಕುಳಿತವರಿಗೆ ಹತ್ತು ನಿಮಿಷದೊಳಗೆ ತಿಳಿದುಬಿಡುತ್ತದೆ. ಏರ್‌ಬಸ್ ಎ320 ಕುಟುಂಬದ ವಿಮಾನಗಳಲ್ಲಿಯೂ ಬೋಯಿಂಗ್ 737ರ ಬೇರೆ ಬೇರೆ ಮಾದರಿಗಳಲ್ಲಿಯೂ ಹಲವು ವರ್ಷ ಆ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಎ320ರ ಹೆಚ್ಚುಗಾರಿಕೆಯ ಬೇರು ಅದರ ಹೊಸ ಇಂಜಿನ್ನಿನಲ್ಲಾಗಲಿ ಹೊಸ ಒಳಾಂಗಣದಲ್ಲಾಗಲಿ ಇಲ್ಲ, ಮೊದಲ ನಕ್ಷೆ ಬರೆದಾಗ ಅದರ ಒಡಲಿನ ಅಳತೆಯನ್ನು ಗೊತ್ತುಮಾಡಿದವರು ತೋರಿದ ಧಾರಾಳದಲ್ಲಿದೆ.

ಒಳಗೋಡೆಯಿಂದ ಒಳಗೋಡೆಗೆ ಎ320ರ ಅಗಲ 3.70 ಮೀಟರ್, 737ರದು 3.53 ಮೀಟರ್. ಈ 17 ಸೆಂಟಿಮೀಟರ್‌ಗಳನ್ನು ಆರು ಸೀಟುಗಳಿಗೆ ಹಂಚಿದರೆ ತಲಾ ಮೂರು ಸೆಂಟಿಮೀಟರ್ ಕೂಡ ಬರುವುದಿಲ್ಲ. ಹಾಗಿದ್ದರೂ ಒಂದರಲ್ಲಿ 18 ಇಂಚಿನ ಸೀಟು ಹಿಡಿಯುವಲ್ಲಿ ಇನ್ನೊಂದರಲ್ಲಿ 17 ಇಂಚಿನದು ಹಿಡಿಯುತ್ತದೆ, ಮತ್ತು ಮೂರನೆಯ ಗಂಟೆಯ ಹೊತ್ತಿಗೆ ಆ ಒಂದು ಇಂಚಿನ ಬೆಲೆ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. 1967ರಲ್ಲಿ ಮೊದಲು ಹಾರಿದ 737, ಅದಕ್ಕೂ ಹಿಂದಿನ ಬೋಯಿಂಗ್ 707ರ ಒಡಲಿನ ಅಗಲವನ್ನೇ ಉಳಿಸಿಕೊಂಡಿತ್ತು. ಏರ್‌ಬಸ್ ಈ ಮಾರುಕಟ್ಟೆಗೆ ತಡವಾಗಿ ಬಂದಿತು, 1984ರ ಮಾರ್ಚ್‌ನಲ್ಲಿ ಎ320 ಯೋಜನೆಗೆ ಚಾಲನೆ ಕೊಟ್ಟಿತು. ಹಳೆಯ ಅಚ್ಚಿನ ಹಂಗಿಲ್ಲದ ಕಾರಣ ಅದು ಒಡಲನ್ನು ಹೊಸದಾಗಿ ಅಳೆಯಬಹುದಾಗಿತ್ತು, ಹಾಗೆಯೇ ಮಾಡಿತು. ಅಗಲ ಹೆಚ್ಚಿದ್ದರಿಂದ ನೆಲದಡಿಯ ಸರಕಿನ ಕೋಣೆಗೆ ಕಂಟೇನರುಗಳನ್ನು ಇಡಿಯಾಗಿ ತಳ್ಳಿ ಕೂರಿಸುವುದೂ ಸಾಧ್ಯವಾಯಿತು. 737ರಲ್ಲಿ ಇಂದಿಗೂ ಪೆಟ್ಟಿಗೆಗಳನ್ನು ಕೆಲಸಗಾರರು ಬಗ್ಗಿ ಕುಳಿತು ಒಂದೊಂದಾಗಿ ಜೋಡಿಸಬೇಕು.

ಮೊದಲ ಎ320, 1987ರ ಫೆಬ್ರವರಿ 22ರಂದು ಫ್ರಾನ್ಸಿನ ತುಲೂಸ್‌ನಿಂದ ಮೇಲೇರಿತು. ಮರುವರ್ಷದ ಮಾರ್ಚ್‌ನಲ್ಲಿ ಏರ್ ಫ್ರಾನ್ಸ್ ಸಂಸ್ಥೆಯ ಕೈಸೇರಿತು. ಆಗ ಲೋಕದ ಗಮನ ಸೆಳೆದದ್ದು ಸೀಟಿನ ಅಗಲವಲ್ಲ, ಕಾಕ್‌ಪಿಟ್. ಪೈಲಟ್‌ನ ಎದೆಯ ಮುಂದಿರಬೇಕಾದ ದೊಡ್ಡ ಹಿಡಿ ಅಲ್ಲಿ ಇರಲೇ ಇಲ್ಲ. ಅದರ ಬದಲು ಪಕ್ಕದಲ್ಲಿ, ಅಂಗೈಗೆ ಒಪ್ಪುವಂಥ ಪುಟ್ಟ ಕೋಲೊಂದಿತ್ತು. ಆ ಕೋಲಿನಿಂದ ರೆಕ್ಕೆಯವರೆಗೆ ಎಳೆಯುವ ತಂತಿಯಿಲ್ಲ; ಅದು ಕೊಡುವುದು ವಿದ್ಯುತ್ ಸಂಕೇತವನ್ನು, ಅದನ್ನು ಓದಿ ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ಎಷ್ಟು ತಿರುಗಿಸಬೇಕೆಂದು ನಿರ್ಧರಿಸುವುದು ಕಂಪ್ಯೂಟರ್‌ಗಳು. ಪೂರ್ತಿ ಡಿಜಿಟಲ್ ಆದ ಈ ಫ್ಲೈ-ಬೈ-ವೈರ್ ವ್ಯವಸ್ಥೆಯನ್ನು ಪ್ರಯಾಣಿಕರ ಸೇವೆಗೆ ತಂದ ಮೊದಲ ವಿಮಾನ ಇದು. ಏರ್‌ಬಸ್ಸಿನ ಪರೀಕ್ಷಾ ಪೈಲಟ್ ಹಾಗೂ ಇಂಜಿನಿಯರ್ ಬರ್ನಾರ್ ಜಿಗ್ಲೇರ್ ಪೈಲಟ್‌ಗಳ ವಿರೋಧದ ನಡುವೆಯೂ ಇದರ ಪರವಾಗಿ ಗಟ್ಟಿಯಾಗಿ ನಿಂತರು.

ಈ ವ್ಯವಸ್ಥೆ ಸಹಜ ಸ್ಥಿತಿಯಲ್ಲಿರುವಾಗ ಪೈಲಟ್ ಕೋಲನ್ನು ಎಷ್ಟೇ ಬಲವಾಗಿ ಒತ್ತಿದರೂ ವಿಮಾನ 67 ಡಿಗ್ರಿಗಿಂತ ಹೆಚ್ಚು ಪಕ್ಕಕ್ಕೆ ವಾಲುವುದಿಲ್ಲ, ಮೂತಿಯನ್ನು 30 ಡಿಗ್ರಿಗಿಂತ ಮೇಲೆತ್ತುವುದಿಲ್ಲ, ವೇಗ ಕಳೆದುಕೊಂಡು ಕುಸಿಯುವ ಅಂಚಿಗೆ ಹೋಗಲು ಬಿಡುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ಬಡಿದು ಎರಡೂ ಇಂಜಿನ್‌ಗಳ ಶಕ್ತಿ ಹೋದ ಎ320, ಹಡ್ಸನ್ ನದಿಯ ಮೇಲೆ ಇಳಿದು, ಅದರಲ್ಲಿದ್ದ 155 ಜನರೂ ಬದುಕುಳಿದರು. ಅದು ಮುಖ್ಯವಾಗಿ ಪೈಲಟ್‌ಗಳ ಸಾಧನೆ, ಆ ಮಾತಿನಲ್ಲಿ ಎರಡಿಲ್ಲ. ಆದರೂ ಕೊನೆಯ ಕ್ಷಣಗಳಲ್ಲಿ ವಿಮಾನವನ್ನು ಕುಸಿಯಗೊಡದೆ ಹಿಡಿದಿದ್ದ ಕಂಪ್ಯೂಟರ್‌ಗಳ ಪಾಲನ್ನೂ ನೆನೆಯಬೇಕು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಯಂತ್ರ ತಾನೇ ಏನು ಮಾಡುತ್ತಿದೆ ಎಂಬುದನ್ನು ಮನುಷ್ಯನಿಗೆ ಸ್ಪಷ್ಟವಾಗಿ ಹೇಳದಿದ್ದರೆ ಏನಾಗಬಹುದೆಂಬುದನ್ನೂ ಇದೇ ವಿಮಾನ ಕಲಿಸಿದೆ. 1992ರ ಜನವರಿ 20ರಂದು ಸ್ಟ್ರಾಸ್‌ಬರ್ಗ್ ಬಳಿ ಎ320 ಒಂದು ಬೆಟ್ಟಕ್ಕೆ ಅಪ್ಪಳಿಸಿ 87 ಜನ ಸತ್ತರು. ಇಳಿಯುವ ಕೋನ 3.3 ಡಿಗ್ರಿ ಎಂದು ಕೊಡುತ್ತಿದ್ದೇವೆಂದು ಪೈಲಟ್‌ಗಳು ಭಾವಿಸಿದ್ದರು, ಯಂತ್ರ ಅದನ್ನು ನಿಮಿಷಕ್ಕೆ 3,300 ಅಡಿ ಇಳಿಯುವ ಆಜ್ಞೆಯೆಂದು ತೆಗೆದುಕೊಂಡಿತು ಎಂಬುದು ತನಿಖೆಯಲ್ಲಿ ಹೆಚ್ಚು ಸಾಧ್ಯವೆಂದು ಕಂಡ ವಿವರಣೆ. ಒಂದೇ ಗುಂಡಿ ತಿರುಗಿಸಿ ಎರಡು ಬಗೆಯ ಆಜ್ಞೆ ಕೊಡಬಹುದಾಗಿದ್ದ ಆ ಫಲಕದಲ್ಲಿ ಎರಡು ಸಂದರ್ಭಕ್ಕೂ 33 ಎಂಬ ಅಂಕಿಗಳೇ ಕಾಣುತ್ತಿದ್ದವು. ಇಳಿಯುವ ವೇಗವನ್ನು ಪೂರ್ತಿ ನಾಲ್ಕು ಅಂಕಿಗಳಲ್ಲಿ ತೋರಿಸುವ ಬದಲಾವಣೆ ಆ ಮೇಲೆ ಬಂದಿತು. ಇನ್ನು 2025ರ ನವೆಂಬರ್ ಕೊನೆಯಲ್ಲಿ, ತೀವ್ರ ಸೌರ ವಿಕಿರಣದಿಂದ ಹಾರಾಟ ನಿಯಂತ್ರಣ ಕಂಪ್ಯೂಟರ್‌ನ ಮಾಹಿತಿ ಕೆಡಬಹುದೆಂದು ಕಂಡುಬಂದು, ಸುಮಾರು 6,000 ವಿಮಾನಗಳನ್ನು ಸರಿಪಡಿಸಿದ ಮೇಲೆಯೇ ಹಾರಿಸಬೇಕೆಂಬ ಸೂಚನೆ ಹೊರಟಿತು. ಬಹುಪಾಲು ವಿಮಾನಗಳಲ್ಲಿ ಹಿಂದಿನ ಸಾಫ್ಟ್‌ವೇರ್ ಹಾಕಿದರೆ ಸಾಕಾಗಿತ್ತು. ತಂತಿಯ ಜಾಗಕ್ಕೆ ಸಂಕೇತ ಬಂದಾಗ ಎಚ್ಚರದ ಬಗೆಯೂ ಬೇರೆಯಾಗುತ್ತದೆ, ಅದು ಎಂದಿಗೂ ಮುಗಿಯದ ಕೆಲಸ.

ಮಾದರಿಗಳ ವಿಷಯಕ್ಕೆ ಬಂದರೆ, ಮೊದಲು ಬಂದ ಎ320-100 ಕೇವಲ 21 ತಯಾರಾದವು. ನಡುವಿನ ಇಂಧನ ಟ್ಯಾಂಕ್ ಮತ್ತು ರೆಕ್ಕೆಯ ತುದಿಯ ಪುಟ್ಟ ಬೇಲಿಗಳೊಂದಿಗೆ ಬಂದ ಎ320-200 ನಿಜವಾದ ಉತ್ಪನ್ನವಾಯಿತು. ಅದರ ಉದ್ದ 37.57 ಮೀಟರ್. ಇದನ್ನೇ ಸುಮಾರು ಏಳು ಮೀಟರ್ ಹಿಗ್ಗಿಸಿದಾಗ ಎ321 ಆಯಿತು, 1993ರಲ್ಲಿ ಹಾರಿತು. ಕುಗ್ಗಿಸಿದಾಗ ಎ319 ಆಯಿತು, 1995ರಲ್ಲಿ ಹಾರಿತು. ಇಂಡಿಯನ್ ಏರ್‌ಲೈನ್ಸ್‌ಗಾಗಿ ಮಾಡಿದ ಎ320ಗಳು ಒಂದು ವಿಶೇಷದಿಂದ ಬೇರೆಯಾಗಿದ್ದವು: ರೆಕ್ಕೆಯಡಿಯ ಒಂದೊಂದು ಕಾಲಿಗೂ ಎರಡರ ಬದಲು ನಾಲ್ಕು ಚಕ್ರಗಳಿದ್ದವು, ಹೆಚ್ಚು ಭಾರ ತಡೆಯದ ರನ್‌ವೇಗಳ ಮೇಲೆ ತೂಕ ಹಂಚಿಹೋಗಲೆಂದು.

ಎಲ್ಲಕ್ಕಿಂತ ಚಿಕ್ಕದಾದ ಎ318ರ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಮರುಕವೂ ಇದೆ. 31.44 ಮೀಟರ್ ಉದ್ದದ ಈ ವಿಮಾನಕ್ಕೆ, ಒಡಲು ಮೊಟಕಾದಷ್ಟೂ ಬಾಲದ ಹಿಡಿತ ಕಡಿಮೆಯಾಗುವುದರಿಂದ, ಬಾಲದ ನೆಟ್ಟನೆಯ ರೆಕ್ಕೆಯನ್ನು ಇನ್ನಷ್ಟು ಎತ್ತರ ಮಾಡಬೇಕಾಯಿತು. ಲಂಡನ್ ಸಿಟಿ ವಿಮಾನ ನಿಲ್ದಾಣದ ಗಿಡ್ಡ ರನ್‌ವೇಗೆ ಕಡಿದಾಗಿ ಇಳಿಯಲು ಅನುಮತಿ ಪಡೆದು, ಬರೀ 32 ಸೀಟುಗಳೊಂದಿಗೆ ಅಲ್ಲಿಂದ ನ್ಯೂಯಾರ್ಕಿಗೆ ಬ್ರಿಟಿಷ್ ಏರ್‌ವೇಸ್ ಅದನ್ನು 2009ರಿಂದ 2020ರವರೆಗೆ ಹಾರಿಸಿತು. ಹೋಗುವಾಗ ಐರ್ಲೆಂಡಿನ ಶಾನನ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿತ್ತು. ಆದರೆ ಒಟ್ಟು ತಯಾರಾದದ್ದು 80 ಮಾತ್ರ. ದೊಡ್ಡ ವಿಮಾನಕ್ಕೆಂದು ಮಾಡಿದ ರೆಕ್ಕೆಯ, ಚಕ್ರದ ಭಾರವನ್ನು ನೂರರ ಆಸುಪಾಸಿನ ಪ್ರಯಾಣಿಕರ ಮೇಲೆ ಹೊರಿಸಿದರೆ ಲೆಕ್ಕ ಕೂಡುವುದಿಲ್ಲ. ಈ ಒಡಲು ಹಿಗ್ಗುವುದಕ್ಕೆ ಹೇಳಿಮಾಡಿಸಿದ್ದು, ಕುಗ್ಗುವುದಕ್ಕಲ್ಲ.

ವಿಮಾನಯಾನ ಸಂಸ್ಥೆಗಳು ಈ ಕುಟುಂಬವನ್ನು ಒಪ್ಪಿಕೊಂಡ ದೊಡ್ಡ ಕಾರಣ ಪ್ರಯಾಣಿಕರಿಗೆ ಕಾಣುವಂಥದ್ದಲ್ಲ. ನಾಲ್ಕೂ ಅಳತೆಗಳಿಗೆ ಕಾಕ್‌ಪಿಟ್ ಒಂದೇ, ಪೈಲಟ್‌ನ ಅರ್ಹತಾಪತ್ರವೂ ಒಂದೇ. ಬೆಳಿಗ್ಗೆ ಎ319 ಹಾರಿಸಿದವರು ಸಂಜೆ ಎ321 ಹಾರಿಸಬಹುದು.

ಕುಟುಂಬದ ಎರಡನೆಯ ತಲೆಮಾರು ನಿಯೋ. 2010ರ ಡಿಸೆಂಬರ್‌ನಲ್ಲಿ ಘೋಷಣೆಯಾಗಿ 2016ರ ಜನವರಿಯಲ್ಲಿ ಲುಫ್ತಾನ್ಸಾ ಸಂಸ್ಥೆಗೆ ಮೊದಲು ತಲುಪಿದ ಇದರಲ್ಲಿ ಹೊಸದು ಮುಖ್ಯವಾಗಿ ಇಂಜಿನ್; ಶಾರ್ಕ್‌ಲೆಟ್ ಎಂಬ, 2.4 ಮೀಟರ್ ಎತ್ತರಕ್ಕೆ ಬಾಗಿ ನಿಂತ ರೆಕ್ಕೆತುದಿಗಳು 2012ರಿಂದಲೇ ಹಳೆಯ ಮಾದರಿಗೂ ಬರತೊಡಗಿದ್ದವು. ಇಲ್ಲಿ ಆ ಮೊದಲ ಧಾರಾಳ ಮತ್ತೊಮ್ಮೆ ಕೈಹಿಡಿಯಿತು. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವ ದೊಡ್ಡ ಫ್ಯಾನ್ ಇದ್ದಷ್ಟೂ ಇಂಧನ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ಎ320 ನೆಲದಿಂದ ಎತ್ತರದಲ್ಲಿ ನಿಂತಿರುವ ವಿಮಾನವಾದ್ದರಿಂದ 78 ಇಂಚಿನ ಫ್ಯಾನ್ ಇರುವ ಲೀಪ್ ಇಂಜಿನ್ ಅಥವಾ 81 ಇಂಚಿನ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್ ಅದರ ರೆಕ್ಕೆಯಡಿ ಸರಾಗವಾಗಿ ಕುಳಿತಿತು. ತಗ್ಗಾಗಿ ನಿಂತಿರುವ 737ಕ್ಕೆ ಅದೇ ಲೀಪ್ ಕುಟುಂಬದ 69 ಇಂಚಿನ ಫ್ಯಾನನ್ನು ಕೂರಿಸುವುದಕ್ಕೂ ಮೂತಿಯ ಚಕ್ರದ ಕಾಲನ್ನು ಉದ್ದ ಮಾಡಿ, ಇಂಜಿನ್ನನ್ನು ಮುಂದಕ್ಕೂ ಮೇಲಕ್ಕೂ ಸರಿಸಬೇಕಾಯಿತು. ಮೂವತ್ತು ವರ್ಷ ಮೊದಲು ಬಿಟ್ಟ ಅಂತರ ಹೀಗೆ ಫಲ ಕೊಟ್ಟಿತು.

ಪ್ರ್ಯಾಟ್ ಇಂಜಿನ್ನಿನ ವಿಶೇಷವೆಂದರೆ ಫ್ಯಾನಿಗೂ ಒಳಗಿನ ಟರ್ಬೈನಿಗೂ ನಡುವೆ ಇರುವ ಗಿಯರ್. ಒಳಗಿನದು ಮೂರು ಸುತ್ತು ಸುತ್ತಿದಾಗ ಫ್ಯಾನ್ ಹೆಚ್ಚುಕಡಿಮೆ ಒಂದು ಸುತ್ತು ಸುತ್ತುತ್ತದೆ. ರೆಕ್ಕೆಯ ಪಕ್ಕದಲ್ಲಿ ಕುಳಿತು ಹಳೆಯ ಮಾದರಿಯನ್ನೂ ಇದನ್ನೂ ಕೇಳಿದವರಿಗೆ ಟೇಕಾಫ್ ಹೊತ್ತಿನ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಪಕ್ಕದವರೊಂದಿಗೆ ದನಿ ಏರಿಸದೆ ಮಾತಾಡಬಹುದು. ಆದರೆ ಈ ಇಂಜಿನ್ ಬಾಳಿಕೆಯಲ್ಲಿ ಸೋತಿತು. ಬಿಡಿಭಾಗಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶವಿದ್ದುದು 2023ರಲ್ಲಿ ಬಹಿರಂಗವಾಗಿ, ನೂರಾರು ವಿಮಾನಗಳು ತಪಾಸಣೆಗಾಗಿ ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ಒಳ್ಳೆಯ ಕಲ್ಪನೆಯೊಂದು ತಯಾರಿಕೆಯ ಹಂತದಲ್ಲಿ ಹೀಗೆ ಮುಗ್ಗರಿಸಿದ್ದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ.

ಹಳೆಯದರಲ್ಲಿಯೂ ಹೊಸದರಲ್ಲಿಯೂ ಬದಲಾಗದೆ ಉಳಿದಿರುವ ಒಂದು ಸದ್ದಿದೆ. ಹೊರಡುವ ಮುನ್ನವೋ ಇಳಿದು ನಿಲ್ಲುವ ಹೊತ್ತಿನಲ್ಲೋ ಕಾಲಡಿಯಿಂದ ನಾಯಿ ಬಿಟ್ಟುಬಿಟ್ಟು ಬೊಗಳಿದಂತೆ ಕೇಳಿಸುತ್ತದೆ, ಮೊದಲ ಸಲ ಕೇಳಿದವರು ಬೆಚ್ಚಿ ಸುತ್ತ ನೋಡುತ್ತಾರೆ. ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಅಲುಗಿಸುವ ಮೂರು ಹೈಡ್ರಾಲಿಕ್ ವ್ಯವಸ್ಥೆಗಳಿಗೆ ಹಸಿರು, ನೀಲಿ, ಹಳದಿ ಎಂದು ಹೆಸರು. ಹಸಿರಿನ ಮತ್ತು ಹಳದಿಯ ಒತ್ತಡಗಳ ನಡುವೆ ವ್ಯತ್ಯಾಸ ಹೆಚ್ಚಿದಾಗ, ಉದಾಹರಣೆಗೆ ಒಂದೇ ಇಂಜಿನ್ ಓಡುತ್ತಿರುವಾಗ, ಒಂದರ ಬಲದಿಂದ ಇನ್ನೊಂದಕ್ಕೆ ಒತ್ತಡ ಕೊಡುವ ಘಟಕ ಕೆಲಸಕ್ಕೆ ಇಳಿಯುತ್ತದೆ; ಬೊಗಳುವುದು ಅದೇ. ಕೆಟ್ಟ ಸದ್ದಲ್ಲ, ಕಾವಲಿನ ಸದ್ದು.

ಕೊನೆಗೆ ಎ321ರ ದೂರಯಾನದ ಮಾದರಿಗಳು. ಎ321ಎಲ್‌ಆರ್ ಸುಮಾರು 7,400 ಕಿಲೋಮೀಟರ್ ಹಾರಿದರೆ, 2024ರಲ್ಲಿ ಐಬೇರಿಯಾ ಸಂಸ್ಥೆಯ ಮೂಲಕ ಸೇವೆಗೆ ಬಂದ ಎ321ಎಕ್ಸ್‌ಎಲ್‌ಆರ್ 8,700 ಕಿಲೋಮೀಟರ್ ಹಾರುತ್ತದೆ. ಇದಕ್ಕಾಗಿ ಒಡಲಿನ ಹಿಂಭಾಗದಲ್ಲಿ 12,900 ಲೀಟರ್ ಹಿಡಿಯುವ ಟ್ಯಾಂಕನ್ನು ರಚನೆಯ ಭಾಗವಾಗಿಯೇ ಸೇರಿಸಲಾಗಿದೆ, ಟೇಕಾಫ್ ತೂಕ 101 ಟನ್ನಿಗೆ ಏರಿದೆ. ಇಂಜಿನಿಯರಿಂಗ್ ದೃಷ್ಟಿಯಿಂದ ಇದು ಮೆಚ್ಚಲೇಬೇಕಾದ ಕೆಲಸ. ದೊಡ್ಡ ವಿಮಾನ ತುಂಬುವಷ್ಟು ಜನರಿಲ್ಲದ ಎರಡು ಊರುಗಳ ನಡುವೆ, ಸಾಗರ ದಾಟಿ, ನೇರ ಹಾರಾಟ ಸಾಧ್ಯವಾಗುವುದು ಸಣ್ಣ ಉಪಕಾರವಲ್ಲ.

ಆದರೆ ಆರು ಗಂಟೆ ದಾಟಿದ ಎ321 ಪ್ರಯಾಣವೊಂದನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ಮಾಡಿದ್ದೇನೆ. ಊಟದ ಗಾಡಿ ನಡುದಾರಿಗೆ ಬಂದ ಮೇಲೆ ಹಿಂದಿನವರು ಮುಂದೆ ಹೋಗುವಂತಿಲ್ಲ, ಮುಂದಿನವರು ಹಿಂದಿನ ಶೌಚಾಲಯಕ್ಕೆ ಬರುವಂತಿಲ್ಲ. ಮಗುವನ್ನು ಎತ್ತಿಕೊಂಡಿದ್ದ ತಾಯಿಯೊಬ್ಬರು ಗಾಡಿಯ ಹಿಂದೆ ಇಪ್ಪತ್ತು ನಿಮಿಷ ನಿಂತೇ ಇದ್ದರು. ಹಿಂದಿನ ಬಾಗಿಲ ಬಳಿ ಕಾಲು ಚಾಚಿ ನಿಲ್ಲುವಷ್ಟು ಜಾಗಕ್ಕೆ ಐದಾರು ಮಂದಿ ಕಾದಿದ್ದರು. ಜೊತೆಗೆ ಈ ಒಡಲಿನೊಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ಎ350ರಂಥ ಹೊಸ ದೊಡ್ಡ ವಿಮಾನಗಳಲ್ಲಿ ಅದು 6,000 ಅಡಿಯ ಮಟ್ಟದಲ್ಲಿ ನಿಲ್ಲುತ್ತದೆ, ಇಳಿದ ಮೇಲಿನ ದಣಿವಿನಲ್ಲಿ ಈ ಅಂತರ ನನಗಂತೂ ತಿಳಿಯುತ್ತದೆ. ಆದ್ದರಿಂದ ನಾಲ್ಕೈದು ಗಂಟೆಯೊಳಗಿನ ಹಾದಿಗೆ ಎ320 ಕುಟುಂಬದ ಯಾವ ವಿಮಾನ ಸಿಕ್ಕರೂ ನಾನು ನೆಮ್ಮದಿಯಿಂದ ಟಿಕೆಟ್ ತೆಗೆಯುತ್ತೇನೆ, ಕೈಪೆಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಇಡಬಹುದಾದ ಹೊಸ ಲಗೇಜು ಗೂಡುಗಳಿರುವ ಎ321ನಿಯೋ ಆದರೆ ಇನ್ನೂ ಸಂತೋಷ. ಎಂಟು ಗಂಟೆಯ ಹಾದಿಯಾದರೆ ಎರಡು ನಡುದಾರಿಯ ವಿಮಾನ ಇದೆಯೇ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಮುಂದಿನ ಅರ್ಧದಲ್ಲಿ, ನಡುದಾರಿಯ ಬದಿಯ ಸೀಟು ಹಿಡಿಯುತ್ತೇನೆ.